ಬೆಂಗಳೂರಿನ ಜನಸಂಖ್ಯೆಯನ್ನು ನಾನು ಅಂದಾಜು ಮಾಡುವ ಬಗೆ

ಕುಡಿಯುವ ನೀರಿನ ಯೋಜನೆಗಳಿಗೆ ಮುಂದೆ ಎಷ್ಟು ಜನ ಇರುತ್ತಾರೆ ಅಂತ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಬೆಂಗಳೂರಿನ ಲೆಕ್ಕಕ್ಕೆ ಕೂತರೆ ಮೊದಲು ನೋಡುವುದು ಗಡಿ. 2001ರಲ್ಲಿ ಪಾಲಿಕೆಯೊಳಗೆ 43 ಲಕ್ಷ ಜನ, 2011ರಲ್ಲಿ 84 ಲಕ್ಷ. ಹತ್ತು ವರ್ಷಕ್ಕೆ ಡಬಲ್ ಅನಿಸುತ್ತದೆ. ಆದರೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದ್ದರು ಅಲ್ವಾ? ಅಲ್ಲಿ ಮೊದಲಿನಿಂದ ಇದ್ದವರೂ ಈ ಬೆಳವಣಿಗೆಯಲ್ಲಿ ಸೇರಿಹೋಗುತ್ತಾರೆ.

ಅದಕ್ಕೇ ನಾನು ಬೆಂಗಳೂರು ನಗರ ಜಿಲ್ಲೆಯ ಅಂಕಿ ಹಿಡಿಯುತ್ತೇನೆ. 1991ರಲ್ಲಿ 48.39 ಲಕ್ಷ, 2001ರಲ್ಲಿ 65.37 ಲಕ್ಷ, 2011ರಲ್ಲಿ 96.21 ಲಕ್ಷ. ಇವೇ ಮೂರು ಅಂಕಿಗಳಿಂದ 2031ಕ್ಕೆ ಲೆಕ್ಕ ಹಾಕಿ ನೋಡಿ. ಈ ಎರಡು ದಶಕಗಳಲ್ಲಿ ಸರಾಸರಿ ಎಷ್ಟು ಜನ ಸೇರಿದರೋ ಮುಂದಿನ ಪ್ರತಿ ದಶಕದಲ್ಲೂ ಅಷ್ಟೇ ಜನ ಸೇರುತ್ತಾರೆ ಅಂದುಕೊಂಡರೆ 1.44 ಕೋಟಿ ಬರುತ್ತದೆ. 2001-11ರ ಶೇ. 47ರ ವೇಗವೇ ಮುಂದುವರಿಯುತ್ತದೆ ಅಂದುಕೊಂಡರೆ 2.08 ಕೋಟಿ. ವ್ಯತ್ಯಾಸ 64 ಲಕ್ಷ! ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೂ ಇದು 86 ಕೋಟಿ ಲೀಟರ್ ನೀರು, ಅಂದರೆ 2024ರಲ್ಲಿ ಶುರುವಾದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ದಿನಕ್ಕೆ ತರುವ 77.5 ಕೋಟಿ ಲೀಟರ್‌ಗಿಂತ ಜಾಸ್ತಿ. ಯಾವ ಸೂತ್ರ ಆರಿಸಿದೆವು ಅನ್ನುವುದರ ಮೇಲೆ ಇಡೀ ಒಂದು ಯೋಜನೆಯೇ ಬೇಕು ಅಥವಾ ಬೇಡ ಅಂತಾಗುತ್ತದೆ.

ಅದರ ಮೇಲೆ 2021ರ ಜನಗಣತಿ ನಡೆಯಲೇ ಇಲ್ಲ. ಹಾಗಾಗಿ ಸುಮ್ನೆ ಸೂತ್ರ ನಂಬಿ ಕೂರಲು ಆಗುವುದಿಲ್ಲ, ಬಡಾವಣೆಗೇ ಹೋಗಬೇಕು. ಉಪಗ್ರಹ ಚಿತ್ರದಲ್ಲಿ ಮನೆಗಳ ಚಾವಣಿ ಎಣಿಸುತ್ತೇನೆ, ಮನೆ ಬಳಕೆಯ ಕರೆಂಟ್ ಮೀಟರ್‌ಗಳ ಸಂಖ್ಯೆ ಕೇಳಿ ತರುತ್ತೇನೆ, ಆಮೇಲೆ ಕೆಲವು ಬೀದಿಗಳಲ್ಲಿ ನಡೆದು ಮನೆಗೆ ಎಷ್ಟು ಜನ ಅಂತ ವಿಚಾರಿಸುತ್ತೇನೆ. ಮತದಾರರ ಪಟ್ಟಿ ಬೆಂಗಳೂರಿನಲ್ಲಿ ಅಷ್ಟು ಕೆಲಸಕ್ಕೆ ಬರುವುದಿಲ್ಲ, ಬಾಡಿಗೆಗೆ ಇರುವ ಎಷ್ಟೋ ಜನರ ಓಟು ಊರಲ್ಲೇ ಇರುತ್ತದೆ. ಮಾರತ್ತಹಳ್ಳಿ ಕಡೆ ಒಂದು ಪಿಜಿ ಕಟ್ಟಡ ಸಿಕ್ಕರೆ ಮನೆಗೆ ನಾಲ್ಕು ಜನ ಅನ್ನುವ ಲೆಕ್ಕವೇ ಬಿದ್ದುಹೋಗುತ್ತದೆ. ಕಟ್ಟಡ ಕೆಲಸದವರ ಶೆಡ್‌ಗಳನ್ನೂ ನಾನು ಬಿಡುವುದಿಲ್ಲ. ಆರು ತಿಂಗಳಿಗೆ ಬೇರೆ ಕಡೆ ಹೋಗುತ್ತಾರೆ ಅಂತ ಕೆಲವರು ಅವರನ್ನು ಲೆಕ್ಕದಿಂದ ತೆಗೆದುಹಾಕುತ್ತಾರೆ, ಇದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಇರುವಷ್ಟು ದಿನ ಅವರೂ ನೀರು ಕುಡಿಯಬೇಕಲ್ಲ.

ವರದಿಯಲ್ಲಿ ಒಂದೇ ಸಂಖ್ಯೆ ಕೊಡಿ ಅಂತ ಅಧಿಕಾರಿಗಳು ಕೇಳುತ್ತಾರೆ. ನಾನು ಕಡಿಮೆ, ಮಧ್ಯಮ, ಹೆಚ್ಚು ಅಂತ ಮೂರು ಕೊಟ್ಟು, ಯಾವುದಕ್ಕೆ ಯಾವುದು ಅಂತಲೂ ಬರೆಯುತ್ತೇನೆ. ರಸ್ತೆ ಅಗೆದು ಹಾಕುವ ದೊಡ್ಡ ಪೈಪ್ ಮೂವತ್ತು ವರ್ಷ ಬಾಳಬೇಕು, ಅದಕ್ಕೆ ಹೆಚ್ಚಿನ ಸಂಖ್ಯೆಯೇ ಇರಲಿ. ಪಂಪ್‌ಗೆ ಸದ್ಯಕ್ಕೆ ಮಧ್ಯಮದ್ದು ಸಾಕು. 2027ರ ಜನಗಣತಿಯ ಅಂಕಿ ಬಂದ ಮೇಲೆ ಇನ್ನೊಂದು ಪಂಪ್ ಕೂರಿಸಲು ಜಾಗ ಬಿಟ್ಟಿರಬೇಕು.