ಈಸೂರಿನ ಸಾಕ್ಷ್ಯಚಿತ್ರ: ನಾವು ಕೆಲಸ ಮಾಡಿದ ರೀತಿ

1942ರಲ್ಲಿ ತನ್ನದೇ ಸರ್ಕಾರ ಮಾಡಿಕೊಂಡ, ಶಿಕಾರಿಪುರ ತಾಲ್ಲೂಕಿನ ಈಸೂರಿನ ಬಗ್ಗೆ ಬರುವ ಸ್ಕ್ರಿಪ್ಟುಗಳಲ್ಲಿ ‘ಬ್ರಿಟಿಷ್ ಪೊಲೀಸರು ಊರಿಗೆ ನುಗ್ಗಿದರು’ ಎಂಬ ವಾಕ್ಯ ಸಲೀಸಾಗಿ ಬಂದುಬಿಡುತ್ತದೆ. ಆದರೆ ಆಗ ಆ ತಾಲ್ಲೂಕು ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಅಮಲ್ದಾರರು (ಈಗಿನ ತಹಶೀಲ್ದಾರರು), ಪೊಲೀಸರು, ಕೋರ್ಟು ಎಲ್ಲವೂ ಸಂಸ್ಥಾನದವು. ಸಂಸ್ಥಾನವೇ ಬ್ರಿಟಿಷರ ಹಿಡಿತದಲ್ಲಿತ್ತು. ಇದು ತಲೆಯಲ್ಲಿದ್ದರೆ ದಾಖಲೆ ಹುಡುಕುವ ದಾರಿಯೂ ಸರಿಯಾಗುತ್ತದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗುವ ಮೊದಲು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಕಾಲದ ಕಡತಗಳನ್ನು ನೋಡಬೇಕು. ಫೋಟೊ ತೆಗೆಯಲು ಅನುಮತಿ ಸಿಕ್ಕಿದರೆ, ಪ್ರತಿ ಕಡತದ ಮೊದಲ ಫ್ರೇಮಿನಲ್ಲಿ ಅದರ ನಂಬರು ಬರೆದ ಚೀಟಿ ಇರಲಿ. ಎಡಿಟಿಂಗ್ ಟೇಬಲ್ಲಿಗೆ ಬಂದ ಮೇಲೆ ಯಾವ ಹಾಳೆ ಯಾವ ಕಡತದ್ದು ಎಂದು ಹೇಳುವವರು ಯಾರೂ ಇರುವುದಿಲ್ಲ.

ಘಟನೆಯ ಚೌಕಟ್ಟು ಚಿಕ್ಕದು. ಆಗಸ್ಟ್ 8ರಂದು ಮುಂಬಯಿಯಲ್ಲಿ ‘ಕ್ವಿಟ್ ಇಂಡಿಯಾ’ ನಿರ್ಣಯ, ಸೆಪ್ಟೆಂಬರಿನಲ್ಲಿ ಈಸೂರಿನ ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ, ಊರಿನದೇ ಸರ್ಕಾರ, 28ರಂದು ಘರ್ಷಣೆ. ಮುಂದಿನ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಈ ಐವರಿಗೆ ಬೆಂಗಳೂರಿನ ಜೈಲಿನಲ್ಲಿ ಗಲ್ಲು. ಘರ್ಷಣೆಯಲ್ಲಿ ಅಮಲ್ದಾರ್ ಚೆನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಸತ್ತದ್ದನ್ನು ಚಿತ್ರ ನುಂಗಿಕೊಳ್ಳಬಾರದು. ನುಂಗಿಕೊಂಡರೆ ಗಲ್ಲು ಯಾಕಾಯಿತು ಎಂಬುದು ನೋಡುವವರಿಗೆ ಅರ್ಥವೇ ಆಗುವುದಿಲ್ಲ.

ಈ ಯಾವುದಕ್ಕೂ ನಮಗೆ ಚಲನಚಿತ್ರದ ತುಣುಕು ಸಿಕ್ಕಿಲ್ಲ. ಆ ಜಾಗಕ್ಕೆ 1930ರ ದಂಡಿಯಾತ್ರೆಯ ರೀಲು ಹಾಕುವುದು ರೂಢಿ, ನಾವು ಹಾಕಲಿಲ್ಲ. ದೇಶದ ಸನ್ನಿವೇಶ ತೋರಿಸಲು ಹಳೆಯ ರೀಲು ಬೇಕೇ ಆದಾಗ ವರ್ಷ, ಊರು ತೆರೆಯ ಮೇಲೆ ಬರೆಯುತ್ತೇವೆ. ಮೂಕಿ ಕಾಲದ ರೀಲುಗಳು ಹೆಚ್ಚಾಗಿ ಸೆಕೆಂಡಿಗೆ 16–18 ಫ್ರೇಮಿನವು. 25 ಫ್ರೇಮಿನಲ್ಲಿ ಹಾಗೇ ಓಡಿಸಿದರೆ ಗಾಂಧೀಜಿ ಓಡುತ್ತಿರುವಂತೆ ಕಾಣುತ್ತಾರೆ, ಗಂಭೀರ ದೃಶ್ಯಕ್ಕೆ ಜನ ನಗುತ್ತಾರೆ. ವೇಗವನ್ನು ಶೇ 65–70ಕ್ಕೆ ಇಳಿಸಿದರೆ ನಡಿಗೆ ನಡಿಗೆಯಾಗುತ್ತದೆ.

ಹೆಚ್ಚು ಸಮಯ ಬೇಡುವುದು ಮನೆಗಳ ಫೋಟೊ. ಕಟ್ಟು ಹಾಕಿಸಿದ ಹಳೆಯ ಫೋಟೊ ಮಳೆಗಾಲದ ಥಂಡಿಗೆ ಗಾಜಿಗೆ ಅಂಟಿಕೊಂಡಿರುತ್ತದೆ. ಸ್ಕ್ಯಾನ್ ಮಾಡುವ ಆಸೆಗೆ ಬಿಡಿಸಲು ಹೋದರೆ ಮುಖದ ಭಾಗವೇ ಗಾಜಿನ ಜೊತೆ ಎದ್ದು ಬರುತ್ತದೆ. ಅಂಥದ್ದನ್ನು ಬಿಚ್ಚದೆ ಜಗಲಿಯ ನೆರಳಿಗೆ ತಂದು ಗೋಡೆಗೆ ಒರಗಿಸಿ, ಲೆನ್ಸಿನಷ್ಟೇ ತೂತು ಮಾಡಿದ ಕಪ್ಪು ಬಟ್ಟೆಯನ್ನು ಕ್ಯಾಮೆರಾ ಮುಂದೆ ಹಿಡಿದು ತೆಗೆಯಬೇಕು. ಬೆಳಕು ಪಕ್ಕದಿಂದ, ಸುಮಾರು 45 ಡಿಗ್ರಿಯಲ್ಲಿ ಬಿದ್ದರೆ ಗಾಜಿನಲ್ಲಿ ಪ್ರತಿಬಿಂಬ ಕೂರುವುದಿಲ್ಲ. ಕುಂಕುಮ, ಹಾರ ಇದ್ದರೆ ಮನೆಯವರೇ ತೆಗೆಯಲಿ, ನಾವು ಕೈ ಹಾಕುವುದಿಲ್ಲ. ಬಿಡಿ ಫೋಟೊ ಆದರೆ 600 ಡಿಪಿಐ ಸ್ಕ್ಯಾನ್, ಹಿಂಬದಿಯದೂ ಸೇರಿ. ಸ್ಟುಡಿಯೋ ಮುದ್ರೆ, ತಾರೀಕು ಅಲ್ಲಿರುತ್ತವೆ. ಮಸುಕಾದ ಮುಖವನ್ನು ಎಐ ಆ್ಯಪಿನಲ್ಲಿ ‘ಚೆಂದ’ ಮಾಡಿಸುವುದು ನಮಗೆ ಒಪ್ಪಿಗೆಯಿಲ್ಲ. ಅದು ಇಲ್ಲದ ಕಣ್ಣು, ಇಲ್ಲದ ಹಲ್ಲು ಬರೆಯುತ್ತದೆ. ಹುತಾತ್ಮರ ಮನೆಯವರ ಮುಂದೆ ಬೇರೆ ಯಾರದೋ ಮುಖ ಇಡುವುದು ಅನ್ಯಾಯ.

ಸಂದರ್ಶನದಲ್ಲಿ ‘ಹೋರಾಟದ ಬಗ್ಗೆ ಹೇಳಿ ಅಜ್ಜಾ’ ಎಂದರೆ ಭಾಷಣ ಬರುತ್ತದೆ. ‘ಬಾವುಟ ಕಟ್ಟಿದ್ದು ದೇವಸ್ಥಾನದ ಯಾವ ಕಡೆ ಅಂತ ಹೇಳ್ತಿದ್ರು?’, ‘ಗಂಡಸರೆಲ್ಲ ಊರು ಬಿಟ್ಟಾಗ ದನಕ್ಕೆ ಹುಲ್ಲು ಹಾಕಿದ್ದು ಯಾರು?’ ಎಂದರೆ ನೆನಪು ಬರುತ್ತದೆ. ಈಗ ಮಾತಾಡುವವರು ಹೆಚ್ಚಾಗಿ ಮಕ್ಕಳು, ಮೊಮ್ಮಕ್ಕಳು. ಆದ್ದರಿಂದ ಕಂಡದ್ದೋ ಕೇಳಿದ್ದೋ ಎಂದು ಅವರ ಬಾಯಲ್ಲೇ ಹೇಳಿಸಿ, ಆ ಮಾತನ್ನು ಕತ್ತರಿಸದೆ ಚಿತ್ರದಲ್ಲಿ ಉಳಿಸುತ್ತೇವೆ.

ಧ್ವನಿಗೆ ದೊಡ್ಡ ಶತ್ರು ಮಳೆ. ತಗಡಿನ ಮಾಡಿನ ಕೆಳಗೆ ಜೋರು ಮಳೆಯಲ್ಲಿ ಯಾವ ಮೈಕೂ ಕೆಲಸಕ್ಕೆ ಬಾರದು, ನಿಲ್ಲಿಸಿ ಕಾಯಬೇಕು. ಹಂಚಿನ ಮನೆಯ ಒಳಕೋಣೆ ಎಷ್ಟೋ ವಾಸಿ. ಕಾಲರ್ ಮೈಕು ಗಲ್ಲದಿಂದ ಒಂದು ಗೇಣು ಕೆಳಗೆ, ಸೆರಗು ಉಜ್ಜದ ಕಡೆ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್, ಏರುದನಿ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ದಾಟದಂತೆ. ಫ್ಯಾನು, ಫ್ರಿಜ್ಜು ಆಫ್. ಫ್ರಿಜ್ಜಿನ ಮೇಲೆ ಕಾರಿನ ಕೀ ಇಟ್ಟರೆ ಹೊರಡುವಾಗ ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ. ಮಾತು ಮುಗಿದ ಮೇಲೆ ಒಂದು ನಿಮಿಷ ಬರೀ ಕೋಣೆಯ ಸದ್ದು ಹಿಡಿಯಬೇಕು. ಸಂಜೆಯ ಜೀರುಂಡೆ ದನಿ ಕತ್ತರಿಸಿದಲ್ಲೆಲ್ಲ ತುಂಡಾಗುತ್ತದೆ, ಅದನ್ನು ಮುಚ್ಚಲು ಇದೇ ಬೇಕು. ಟ್ಯೂಬ್‌ಲೈಟು, ಎಲ್‌ಇಡಿ ಮಿನುಗದಿರಲು ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡು.

ಲೆನ್ಸುಗಳು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇರಬೇಕು. ಮಲೆನಾಡಿನ ಜೂನ್‌–ಸೆಪ್ಟೆಂಬರಿನಲ್ಲಿ ಬಟ್ಟೆಯ ಚೀಲದಲ್ಲಿಟ್ಟ ಲೆನ್ಸಿಗೆ ಬೂಷ್ಟು ಬಂದೇ ಬರುತ್ತದೆ.

ಪೂರ್ತಿ ಸಂದರ್ಶನಗಳ ಪ್ರತಿ ಮೂರು ಕಡೆ ಇರಲಿ, ಒಂದು ಆ ಮನೆಯವರಿಗೆ. ಹಾರ್ಡ್ ಡಿಸ್ಕ್ ಕೊಟ್ಟು ಪ್ರಯೋಜನವಿಲ್ಲ. ಟಿವಿಗೆ ಚುಚ್ಚಿದರೆ ಓಡುವ ಪೆನ್‌ಡ್ರೈವ್ ಕೊಡಿ, ಎಚ್.264 ಎಂಪಿ4 ಫೈಲು, ಫೈಲಿನ ಹೆಸರು ಮಾತಾಡಿದವರದೇ.