ವಾರಂಟಿ ಇದ್ದೂ ಕಂಪನಿ ಕೈಕೊಟ್ಟರೆ ಏನು ಮಾಡಬೇಕು?

ಟಿವಿ ತಂದು ವರ್ಷ ತುಂಬಿಲ್ಲ, ಪರದೆ ಮೇಲೆ ಉದ್ದಕ್ಕೂ ಗೆರೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ‘ಎರಡು ದಿನದಲ್ಲಿ ಟೆಕ್ನೀಶಿಯನ್ ಬರ್ತಾರೆ’ ಅನ್ನುತ್ತಾರೆ. ಯಾರೂ ಬರುವುದಿಲ್ಲ. ಮತ್ತೆ ಫೋನ್ ಮಾಡಿದರೆ ಬೇರೆ ಯಾರೋ ಎತ್ತಿಕೊಂಡು ಎಲ್ಲವನ್ನೂ ಮೊದಲಿಂದ ಕೇಳುತ್ತಾರೆ. ಹಾಸನ ಪೇಟೆಯಲ್ಲೇ ಹೀಗಾದರೆ ಸಕಲೇಶಪುರದ ಒಳಹಳ್ಳಿಯವರ, ಅರಕಲಗೂಡು ಕಡೆಯವರ ಪಾಡು ಕೇಳುವುದೇ ಬೇಡ. ‘ನಿಮ್ಮ ಊರಿಗೆ ನಮ್ಮ ಸರ್ವಿಸ್ ಇಲ್ಲ’ ಎಂದು ಮಾರುವಾಗ ಯಾರೂ ಹೇಳುವುದಿಲ್ಲ. ಕೆಟ್ಟ ಮೇಲೆ ಹೇಳುತ್ತಾರೆ.

ತುಂಬಾ ಜನ ಇಷ್ಟಕ್ಕೇ ಬೇಸತ್ತು, ಹೊರಗಿನ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಸುಮ್ಮನಾಗುತ್ತಾರೆ. ಸುಮ್ಮನಾಗಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ನಿಮ್ಮ ಕೈಯಲ್ಲಿದೆ, ಖರ್ಚೂ ಅಷ್ಟೇನಿಲ್ಲ. ಆದರೆ ಬಾಯಿಮಾತಿನ ದೂರಿಗೆ ಎಲ್ಲೂ ಬೆಲೆಯಿಲ್ಲ. ಈ ಲೇಖನದ ಒಂದೊಂದು ಹೆಜ್ಜೆಯೂ ಕಾಗದ ಕೂಡಿಡುವ ಕೆಲಸವೇ.

ಕೊಂಡ ದಿನ

ಅಂಗಡಿಯ ನುಣುಪು ಕಾಗದದ ಬಿಲ್ ಕೆಲವೇ ತಿಂಗಳಲ್ಲಿ ಮಾಸಿ ಬೆಳ್ಳಗಾಗುತ್ತದೆ. ಮನೆಗೆ ಬಂದ ಕೂಡಲೇ ಅದರ ಫೋಟೋ ತೆಗೆದು ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಪೆಟ್ಟಿಗೆ ಮೇಲಿನ ಸೀರಿಯಲ್ ನಂಬರ್, ಸೀಲ್ ಹಾಕಿದ ವಾರಂಟಿ ಕಾರ್ಡ್ ಇವುಗಳದ್ದೂ ಇರಲಿ. ‘ಬಿಲ್ ಬೇಡ ಅಂದ್ರೆ ಕಡಿಮೆಗೆ ಕೊಡ್ತೀವಿ’ ಎಂಬ ಮಾತಿಗೆ ಮರುಳಾಗಬೇಡಿ. ಬಿಲ್ ಕೊಡದಿರುವುದೇ ಈ ಕಾಯ್ದೆಯ ಪ್ರಕಾರ ತಪ್ಪು.

ವಾರಂಟಿ ಕಾರ್ಡ್‌ನ ಸಣ್ಣಕ್ಷರವನ್ನು ಒಮ್ಮೆ ಓದಿ. ಫ್ರಿಜ್‌ನ ಮೇಲೆ ಹತ್ತು ವರ್ಷ ಎಂದು ದೊಡ್ಡದಾಗಿ ಬರೆದಿದ್ದರೆ ಸಾಮಾನ್ಯವಾಗಿ ಅದು ಕಂಪ್ರೆಸರ್‌ಗೆ ಮಾತ್ರ. ಗ್ಯಾಸ್ ತುಂಬುವುದಕ್ಕೆ, ಕೂಲಿಗೆ ಬೇರೆ ದುಡ್ಡು ಕೇಳುತ್ತಾರೆ. ಯುಪಿಎಸ್ ಬ್ಯಾಟರಿಯಲ್ಲಿ ಇನ್ನೊಂದು ಲೆಕ್ಕ. ಐದು ವರ್ಷ ಎಂದಿದ್ದರೆ ಮೊದಲ ಕೆಲವು ವರ್ಷ ಮಾತ್ರ ಪುಕ್ಕಟೆ ಬದಲಿ. ಆಮೇಲಿನದು ‘ಪ್ರೊ ರೇಟಾ’, ಅಂದರೆ ಹೊಸ ಬ್ಯಾಟರಿ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ, ಅಷ್ಟೇ. ಕರೆಂಟ್ ಹೋಗುತ್ತಲೇ ಇರುವ ನಮ್ಮ ಕಡೆ ಯುಪಿಎಸ್ ಇಲ್ಲದ ಮನೆ ಕಡಿಮೆ. ಈ ಲೆಕ್ಕವನ್ನು ಅಂಗಡಿಯಲ್ಲೇ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ.

ಸಿಡಿಲಿನಿಂದ ಸುಟ್ಟದ್ದಕ್ಕೆ ಹೆಚ್ಚಿನ ಕಂಪನಿಗಳ ವಾರಂಟಿ ಸಿಗುವುದಿಲ್ಲ. ಅಶ್ವಿನಿ, ಭರಣಿ ಮಳೆ ಶುರುವಾದರೆ ಮೋಡ ಗುಡುಗುವ ಮುಂಚೆಯೇ ಟಿವಿಯ ಪ್ಲಗ್, ಡಿಶ್‌ನ ಕೇಬಲ್ ಎರಡನ್ನೂ ಕಿತ್ತಿಡಿ.

ಕೆಟ್ಟ ಮೇಲೆ

ಮೊದಲು ತೊಂದರೆಯ ವಿಡಿಯೋ ಮಾಡಿಕೊಳ್ಳಿ. ಟೆಕ್ನೀಶಿಯನ್ ಬಂದಾಗ ಸರಿಯಾಗಿಯೇ ಓಡುವ ವಾಷಿಂಗ್ ಮಷಿನ್ ಅವರು ಗೇಟು ದಾಟಿದ ಮೇಲೆ ನಿಲ್ಲುವುದು ಎಲ್ಲರಿಗೂ ಗೊತ್ತಿರುವ ವಿಷಯ. ವಾರಂಟಿ ಇರುವಾಗ ಹೊರಗಿನವರ ಹತ್ತಿರ ಬಿಚ್ಚಿಸಬೇಡಿ. ಆಮೇಲೆ ಕಂಪನಿಯವರಿಗೆ ಅದೇ ನೆಪವಾಗುತ್ತದೆ.

ಕಸ್ಟಮರ್ ಕೇರ್ ನಂಬರನ್ನು ವಾರಂಟಿ ಕಾರ್ಡ್‌ನಿಂದಲೇ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದರೆ ಮೋಸಗಾರರು ಹಾಕಿದ ಸುಳ್ಳು ನಂಬರ್‌ಗಳೂ ಸಿಗುತ್ತವೆ. ‘ಹತ್ತು ರೂಪಾಯಿ ಕಟ್ಟಿ ನೋಂದಾಯಿಸಿ’ ಎಂದು ಲಿಂಕ್ ಕಳಿಸಿದರೆ ಅದು ಖಾತೆ ಖಾಲಿ ಮಾಡುವ ದಾರಿ. ದುಡ್ಡು ಹೋಯಿತು ಅಂತಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಫೋನ್ ಇಟ್ಟ ಮೇಲೆ ಅದೇ ವಿಷಯವನ್ನು ಕಂಪನಿಗೆ ಇಮೇಲ್ ಮಾಡಿ. ಎರಡೇ ಸಾಲು ಸಾಕು: ‘ಇವತ್ತು ಇಷ್ಟು ಗಂಟೆಗೆ ಫೋನ್ ಮಾಡಿದ್ದೆ, ದೂರಿನ ನಂಬರ್ ಇದು, ಇಂಥ ದಿನ ಬರುತ್ತೇವೆ ಎಂದು ಹೇಳಿದ್ದೀರಿ.’ ಕಂಪನಿ ಉತ್ತರ ಕೊಟ್ಟರೆ ಒಳ್ಳೆಯದು. ಕೊಡದಿದ್ದರೆ ನಿಮಗೆ ಇನ್ನೂ ಒಳ್ಳೆಯದು, ನಾಳೆ ಅದೇ ಸಾಕ್ಷಿ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದಂತೆ ಅವರು 48 ಗಂಟೆಯೊಳಗೆ ದೂರು ತಲುಪಿತು ಎನ್ನಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಜಾಬ್ ಶೀಟ್ ಓದದೆ ಸಹಿ ಬೇಡ

ಹೆಚ್ಚು ಜನ ಎಡವುವುದು ಇಲ್ಲೇ. ಸರ್ವಿಸ್ ಸೆಂಟರ್ ಕೌಂಟರ್‌ನಲ್ಲಿ ಕೊಡುವ ಜಾಬ್ ಶೀಟ್‌ನಲ್ಲಿ ‘ತೊಂದರೆ ಏನು’ ಎಂಬ ಒಂದು ಜಾಗ ಇರುತ್ತದೆ. ನೀವು ‘ಕರೆ ಮಾಡುವಾಗ ಬಿಸಿಯಾಗಿ ತಾನಾಗೇ ಆಫ್ ಆಗುತ್ತದೆ, ಇದೇ ತೊಂದರೆಗೆ ಮೂರನೇ ಸಲ ತಂದಿದ್ದೇನೆ’ ಎಂದಿರುತ್ತೀರಿ. ಅಲ್ಲಿ ಬರೆದಿರುವುದು ‘ಸಾಫ್ಟ್‌ವೇರ್’ ಎಂಬ ಒಂದೇ ಪದ. ವಾಪಸ್ ಕೊಡುವಾಗ ‘ಚೆಕ್ ಮಾಡಿದೆ, ಸರಿ ಇದೆ’ ಎಂದು ಸೇರಿಸಿರುತ್ತಾರೆ. ಮುಂದೊಂದು ದಿನ ಕೋರ್ಟಿನಲ್ಲಿ ಆ ಹಾಳೆಯನ್ನೇ ನಿಮ್ಮ ಮುಂದೆ ಹಿಡಿಯುತ್ತಾರೆ. ಹಾಗಾಗಿ ‘ಅಣ್ಣಾ, ನಾನು ಹೇಳಿದ್ದನ್ನೇ ಬರೀರಿ’ ಅನ್ನಿ. ಬರೆಯದಿದ್ದರೆ ಸಹಿಯ ಪಕ್ಕ ನೀವೇ ಕನ್ನಡದಲ್ಲಿ ಬರೆದು ಫೋಟೋ ತೆಗೆದುಕೊಳ್ಳಿ.

‘ವೋಲ್ಟೇಜ್ ಜಾಸ್ತಿಯಾಗಿ ಹೋಗಿದೆ, ವಾರಂಟಿ ಬರಲ್ಲ’ ಅಂದರೆ ಯಾವ ಭಾಗ ಸುಟ್ಟಿದೆ ಎಂದು ತೋರಿಸಲು ಹೇಳಿ, ಅದನ್ನೂ ಬರವಣಿಗೆಯಲ್ಲಿ ಕೇಳಿ. ಬರೆಯಲು ಹಿಂದೇಟು ಹಾಕಿದರೆ ಆ ಮಾತಿಗೆ ಆಧಾರ ಇಲ್ಲ ಎಂದೇ ಅರ್ಥ.

ಇನ್ನೊಂದು, ಓಟಿಪಿ. ಕೆಲವು ಕಂಪನಿಗಳಲ್ಲಿ ಕೆಲಸ ಮುಗಿದ ಮೇಲೆ ನಿಮ್ಮ ಮೊಬೈಲ್‌ಗೆ ಬಂದ ಕೋಡನ್ನು ಟೆಕ್ನೀಶಿಯನ್‌ಗೆ ಹೇಳಬೇಕು. ಹೇಳಿದ ಕೂಡಲೇ ದೂರು ‘ಪರಿಹಾರವಾಗಿದೆ’ ಎಂದು ಮುಚ್ಚಿಹೋಗುತ್ತದೆ. ‘ಪಾರ್ಟ್ ಬಂದಿಲ್ಲ ಮೇಡಂ, ಮುಂದಿನ ವಾರ ಹಾಕ್ತೀನಿ, ಕೋಡ್ ಹೇಳಿ’ ಅಂದರೆ ಕೊಡಬೇಡಿ. ಆ ಹುಡುಗನ ಮೇಲೆ ಸಿಟ್ಟಾಗುವುದೂ ಬೇಡ. ದೂರು ಬೇಗ ಮುಚ್ಚಿಸುವಂತೆ ಮೇಲಿನವರು ಅವನ ಬೆನ್ನು ಬಿದ್ದಿರುತ್ತಾರೆ.

1915

ಇಷ್ಟಾದರೂ ಕೆಲಸ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕಟ್ಟಬೇಕಿಲ್ಲ. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ಆದರೂ ತಿಂಗಳುಗಟ್ಟಲೆ ಅಲುಗಾಡದ ಕಂಪನಿ ಇಲ್ಲಿಂದ ದೂರು ಹೋದ ಮೇಲೆ ತಾನಾಗೇ ಫೋನ್ ಮಾಡುವುದುಂಟು. ಕೋರ್ಟಿಗೆ ಹೋಗುವ ಮೊದಲು ಇದನ್ನೊಮ್ಮೆ ಮಾಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ನೋಟಿಸ್, ಆಮೇಲೆ ಕೋರ್ಟು

ನೋಟಿಸ್‌ಗೆ ವಕೀಲರು ಬೇಕೆಂದಿಲ್ಲ. ಬಿಳಿ ಹಾಳೆಯಲ್ಲಿ ನೀವೇ ಬರೆಯಬಹುದು. ಕೊಂಡ ದಿನ, ಕೊಟ್ಟ ಬೆಲೆ, ತೊಂದರೆ, ದೂರಿನ ನಂಬರ್‌ಗಳು. ಕೊನೆಗೆ ‘15 ದಿನದೊಳಗೆ ಬೇರೆಯದು ಕೊಡಿ, ಇಲ್ಲವೇ ಹಣ ವಾಪಸ್ ಮಾಡಿ, ತಪ್ಪಿದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ’ ಎಂಬ ಸಾಲು. ಮಾರಿದ ಅಂಗಡಿ, ಸರ್ವಿಸ್ ಸೆಂಟರ್, ತಯಾರಿಸಿದ ಕಂಪನಿ ಮೂವರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅಂಗಡಿಯವರು ‘ನಮಗೇನೂ ಸಂಬಂಧ ಇಲ್ಲ, ಕಂಪನಿಯನ್ನ ಕೇಳಿ’ ಅಂದರೂ ಅವರನ್ನು ಬಿಡಬೇಡಿ. ದುಡ್ಡು ತೆಗೆದುಕೊಂಡವರು ಅವರೇ ಅಲ್ವಾ?

ಜನ ಕನ್ಸ್ಯೂಮರ್ ಕೋರ್ಟ್ ಅನ್ನುವುದು ಜಿಲ್ಲಾ ಗ್ರಾಹಕರ ಆಯೋಗಕ್ಕೆ. ಹಳೆಯ 1986ರ ಕಾಯ್ದೆಯಲ್ಲಿ ಸಾಮಾನ್ಯವಾಗಿ ಕಂಪನಿಯ ಕಚೇರಿ ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ ಕೇಸು ಹಾಕಬೇಕಿತ್ತು. ಈಗ ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ದೆಹಲಿಯ ಕಂಪನಿಯಿಂದ ಆನ್‌ಲೈನ್‌ನಲ್ಲಿ ತರಿಸಿದ ಮೊಬೈಲ್‌ಗೂ ಆಲೂರಿನವರು ಹಾಸನದಲ್ಲೇ ದೂರು ಕೊಡಬಹುದು. ನಮ್ಮಂಥ ಊರಿನವರಿಗೆ ಈ ಕಾಯ್ದೆಯಿಂದ ಆದ ದೊಡ್ಡ ಉಪಕಾರ ಇದೇ.

ವಸ್ತುವಿಗೆ ನೀವು ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. 50 ಲಕ್ಷದವರೆಗಿನ ವ್ಯವಹಾರ ಜಿಲ್ಲಾ ಆಯೋಗದ ವ್ಯಾಪ್ತಿಗೇ ಬರುತ್ತದೆ. ಆನ್‌ಲೈನ್‌ನಲ್ಲೂ ದೂರು ಸಲ್ಲಿಸಬಹುದು. ತೊಂದರೆ ಎದುರಾದ ಎರಡು ವರ್ಷದೊಳಗೆ ಹಾಕಬೇಕು. ‘ಇವತ್ತು ಸರಿ ಮಾಡ್ತೀವಿ, ನಾಳೆ ಸರಿ ಮಾಡ್ತೀವಿ’ ಎನ್ನುವವರನ್ನು ನಂಬಿಕೊಂಡು ಈ ಗಡುವು ದಾಟಿಸಬೇಡಿ. ವಕೀಲರಿಲ್ಲದೆ ನೀವೇ ವಾದ ಮಾಡಬಹುದು.

ಬಿ.ಎಂ. ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವರಿಗೆ ಒಂದು ಮಾತು. ವ್ಯಾಪಾರಕ್ಕೆ ಕೊಂಡ ವಸ್ತುವಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಕಂಪನಿ ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡ ಯಂತ್ರಕ್ಕೆ ರಕ್ಷಣೆ ಇದೆ. ದೂರಿನಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಿರಿ.

ಕಂಪನಿಗೆ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ ಸಿಗುತ್ತದೆ. ಲ್ಯಾಬ್ ಪರೀಕ್ಷೆ ಬೇಕಿಲ್ಲದ ಕೇಸನ್ನು ಕಂಪನಿಗೆ ನೋಟಿಸ್ ತಲುಪಿದ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದ್ದನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಇದಕ್ಕಿಂತ ತಡವೂ ಆಗಬಹುದು, ತಾಳ್ಮೆ ಇರಲಿ. ತೀರ್ಪು ನಿಮ್ಮ ಕಡೆ ಬಂದರೆ ರಿಪೇರಿ, ಬದಲಿ ವಸ್ತು ಅಥವಾ ಬಡ್ಡಿ ಸಮೇತ ಹಣ, ಅದರ ಜೊತೆ ಪರಿಹಾರವನ್ನೂ ಕೊಡಿಸಬಹುದು. ಕಂಪನಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾದರೆ 45 ದಿನದೊಳಗೆ ಹೋಗಬೇಕು, ಕೊಡಬೇಕಾದ ಹಣದಲ್ಲಿ ಅರ್ಧವನ್ನು ಮೊದಲೇ ಕಟ್ಟಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಅಂತಾದರೆ ಅದೇ ಜಿಲ್ಲಾ ಆಯೋಗದಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿ ಮಾಡಿಸಿ ಎಂದು ಕೇಳುವ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಲು ಅವಕಾಶ ಇದೆ.