ಕೂದಲು ಕಸಿಯಾದ ಮೇಲೆ ತಲೆ ತೊಳೆಯುವುದು: ಹಕ್ಕಳೆ, ಹುರುಪೆ, ಹೊಟ್ಟು

ಕೂದಲು ಕಸಿ ಮಾಡಿಸಿಕೊಂಡವರ ತಲೆ ತೊಳೆಯುವುದು, ಮನೆಯಲ್ಲಿ ತೊಳೆದುಕೊಳ್ಳುವ ಕ್ರಮ ಕಲಿಸಿ ಕಳಿಸುವುದು ಮಂಗಳೂರಿನ ಒಂದು ಚರ್ಮದ ಕ್ಲಿನಿಕ್ಕಿನಲ್ಲಿ ನನ್ನ ಕೆಲಸ. ಆಪರೇಷನ್ ಡಾಕ್ಟರರದ್ದು, ಆಮೇಲಿನ ಎರಡು ವಾರದ ರಗಳೆ ನಮ್ಮದು. ಫೋನು ಬರುವುದು ಹೆಚ್ಚಾಗಿ ಒಂದೇ ಸಂಗತಿಗೆ: ತಲೆಯಿಂದ ಏನೋ ಉದುರುತ್ತಿದೆ, ಉದುರಿಸಬೇಕೋ ಹಾಗೇ ಬಿಡಬೇಕೋ?

ಉದುರುವುದೆಲ್ಲ ಒಂದೇ ಅಲ್ಲ. ಮೊದಲ ಎರಡು ವಾರ ಕಾಣುವುದು ಹಕ್ಕಳೆ. ಗ್ರಾಫ್ಟ್, ಅಂದರೆ ಹಿಂದಲೆಯಿಂದ ಬುಡಸಮೇತ ತೆಗೆದ ಕೂದಲು, ಇಟ್ಟ ತೂತಿನಿಂದ ಒಸರಿದ ರಕ್ತ ಮತ್ತು ನೀರು ಒಣಗಿ ಕೂದಲಿನ ಬುಡಕ್ಕೆ ಕಟ್ಟಿಕೊಂಡದ್ದು ಅದು. ಮೂರನೇ ವಾರದಿಂದ ಬರುವುದು ಹುರುಪೆ, ಅಂದರೆ ಹೊಸ ಚರ್ಮ ಬಲಿಯುವಾಗ ಮೇಲಿನ ಪದರ ತೆಳ್ಳಗೆ, ಬೆಳ್ಳಗೆ, ಪುಡಿಪುಡಿಯಾಗಿ ಹೋಗುವುದು. ಮೂರನೆಯದು ಹೊಟ್ಟು. ಹಳದಿ ಛಾಯೆ, ಜಿಡ್ಡು, ತುರಿಕೆ ಇರುತ್ತದೆ. ಕಸಿಗೂ ಮೊದಲು ಹೊಟ್ಟಿದ್ದವರಿಗೆ ತಲೆ ತೊಳೆಯುವುದು ಕಡಿಮೆಯಾದಾಗ ಅದು ಮತ್ತೆ ಏಳುತ್ತದೆ. ಹಕ್ಕಳೆಗೆ ಬೇಕಾದದ್ದು ನೆನೆಸುವುದು, ಹುರುಪೆಗೆ ಬೇಕಾದದ್ದು ತಾಳ್ಮೆ, ಹೊಟ್ಟಿಗೆ ಬೇಕಾದದ್ದು ಔಷಧ. ಒಂದರ ಉಪಾಯವನ್ನು ಇನ್ನೊಂದಕ್ಕೆ ಹಾಕಿದಾಗಲೇ ಎಡವಟ್ಟಾಗುವುದು.

ಹಕ್ಕಳೆ ದಪ್ಪಗೆ ಕಟ್ಟದ ಹಾಗೆ ನೋಡಿಕೊಳ್ಳುವ ಕೆಲಸ ಮೊದಲ ದಿನವೇ ಶುರು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಶೇ. 0.9ರ ನಾರ್ಮಲ್ ಸಲೈನನ್ನು ಹೊಸ ಸ್ಪ್ರೇ ಬಾಟಲಿಗೆ ತುಂಬಿ, ಎಚ್ಚರ ಇರುವಷ್ಟು ಹೊತ್ತು ಗಂಟೆಗೊಮ್ಮೆ ಒಂದು ಗೇಣು ದೂರದಿಂದ ಕಸಿ ಮಾಡಿದ ಜಾಗಕ್ಕೆ ಹನಿಸಬೇಕು. ಮಂಜು ಬಿದ್ದ ಹಾಗೆ ಬೀಳಬೇಕು, ಪಿಚಕಾರಿಯಂತೆ ಹೊಡೆಯಬಾರದು. ಅಡುಗೆಮನೆಯ ಉಪ್ಪು ಕಲಸಿ ಮನೆಯಲ್ಲೇ ಮಾಡಿಕೊಳ್ಳುವುದು ಬೇಡ, ಹದ ತಪ್ಪುತ್ತದೆ. ಸಲೈನಿನಲ್ಲಿ ಕೆಡದಂತೆ ತಡೆಯುವ ಯಾವ ವಸ್ತುವೂ ಇಲ್ಲ. ಹಾಗಾಗಿ 100 ಮಿ.ಲೀ.ಯ ಸಣ್ಣ ಬಾಟಲಿ ತಂದು, ತೆರೆದದ್ದನ್ನು ಮರುದಿನ ಚೆಲ್ಲಿಬಿಡಿ. ಇದನ್ನು ಎರಡು ಮೂರು ದಿನ ಸರಿಯಾಗಿ ಮಾಡಿದವರಿಗೆ ಹತ್ತನೇ ದಿನ ಹಕ್ಕಳೆ ಬಿಡಿಸುವ ಕೆಲಸ ಅರ್ಧಕ್ಕರ್ಧ ಹಗುರ. ಎ.ಸಿ. ಕೋಣೆಯಲ್ಲಿ ಮಲಗುವವರಿಗೆ ಇದು ಇನ್ನೂ ಮುಖ್ಯ. ನಮ್ಮ ಕರಾವಳಿಯ ಗಾಳಿ ಎಷ್ಟೇ ತೇವ ಇದ್ದರೂ ಎ.ಸಿ. ಅದನ್ನು ಹೀರಿ ತಲೆಯನ್ನು ಒಣಗಿಸುತ್ತದೆ.

ಮೊದಲ ತೊಳೆತ ಸುಮಾರು 48 ಗಂಟೆ ಕಳೆದ ಮೇಲೆ. ಅದನ್ನು ನಾವೇ ಕ್ಲಿನಿಕ್ಕಿನಲ್ಲಿ ಮಾಡುತ್ತೇವೆ, ಎದುರಿಗೆ ಕನ್ನಡಿ ಇಟ್ಟು ತೋರಿಸುತ್ತೇವೆ. ಮನೆಯಲ್ಲಿ ಮಾಡುವ ಕ್ರಮವೂ ಅದೇ. ಅರ್ಧ ಲೀಟರ್ ಉಗುರು ಬೆಚ್ಚಗಿನ ನೀರಿಗೆ 10 ಮಿ.ಲೀ., ಅಂದರೆ ಎರಡು ಟೀ ಚಮಚ, ಬೇಬಿ ಶಾಂಪೂ. ಹಂಡೆಯ ನೀರು ನೇರ ಬೇಡ. ಬೆರಕೆ ಮಾಡಿ, ಮಣಿಕಟ್ಟಿನ ಒಳಬದಿಗೆ ಹಾಕಿ ನೋಡಿ. ಬಿಸಿಯನ್ನು ತಲೆಯಿಂದ ಅಳೆಯುವ ಹಾಗಿಲ್ಲ, ಯಾಕೆಂದರೆ ಹಿಂದಲೆಯೂ ನೆತ್ತಿಯೂ ಕೆಲವು ವಾರ ಜೋಮು ಹಿಡಿದ ಹಾಗಿರುತ್ತವೆ. ಸುಟ್ಟರೂ ಗೊತ್ತಾಗುವುದಿಲ್ಲ. ಹೇರ್ ಡ್ರೈಯರ್ ಬೇಡ ಅನ್ನುವುದಕ್ಕೂ ಇದೇ ಕಾರಣ.

ಸ್ಟೂಲಿನ ಮೇಲೆ ಕೂತು ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ. ಕಲಸಿದ ನೀರನ್ನು ಚೆಂಬಿನಲ್ಲಿ ತೆಗೆದು, ನಾಲ್ಕು ಬೆರಳು ಎತ್ತರದಿಂದ ಮುಂದಲೆಯ ಮೇಲೆ ಮೆಲ್ಲ ಬಿಡಿ. ಎತ್ತರದಿಂದ ಸುರಿದರೆ ನೀರಿಗೂ ಪೆಟ್ಟು ಇದೆ. ಶವರನ್ನು ಹತ್ತು ದಿನ ಮರೆತುಬಿಡಿ. ಅಂಗೈಯಲ್ಲಿ ಎಬ್ಬಿಸಿದ ನೊರೆಯನ್ನು ಕಸಿಯ ಮೇಲೆ ಇಡಿ, ಉಜ್ಜಬೇಡಿ. ಐದು ನಿಮಿಷ ಕೂತಿರಿ. ಆ ಹೊತ್ತಿಗೆ ಹಿಂದಲೆಯನ್ನು ತೊಳೆಯಬಹುದು. ಅಲ್ಲಿ ಕಿತ್ತು ಹೋಗುವಂಥದ್ದು ಏನೂ ಇಲ್ಲ, ಒಂದು ಮಿ.ಮೀ.ಗಿಂತ ಸಣ್ಣ ತೂತುಗಳು ಮಾತ್ರ. ಬೆರಳ ತುದಿಯಿಂದ ಮೃದುವಾಗಿ ತಿಕ್ಕಬಹುದು. ಹಿಂದಲೆಯಿಂದ ಚರ್ಮದ ಪಟ್ಟಿಯನ್ನೇ ತೆಗೆದು ಹೊಲಿಗೆ ಹಾಕಿದ್ದರೆ ಮಾತ್ರ ಹೊಲಿಗೆ ಬಿಚ್ಚುವ ತನಕ ತಿಕ್ಕುವಂತಿಲ್ಲ.

ಆಮೇಲೆ ಎರಡು ಮೂರು ಲೀಟರ್ ಬರೀ ನೀರು. ಇಲ್ಲಿ ಊರಿನ ಮಾತೊಂದು. ನಮ್ಮ ಕಡೆಯ ಬಾವಿ ನೀರು ಸಾಮಾನ್ಯವಾಗಿ ಮೆದು. ಸ್ವಲ್ಪ ಶಾಂಪೂವಿಗೇ ರಾಶಿ ನೊರೆ ಬರುತ್ತದೆ, ಜಾರುವಿಕೆ ಬೇಗ ಹೋಗುವುದಿಲ್ಲ. ಸಾಕೆಂದು ನಿಲ್ಲಿಸಿದರೆ ಶಾಂಪೂ ಉಳಿದು ಒಣಗುತ್ತದೆ, ಮರುದಿನ ಬಿಳಿ ಪುಡಿ ಕಾಣುತ್ತದೆ, ಅದನ್ನೇ ಹೊಟ್ಟು ಅಂದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಮಂಗಳೂರಿಗೆ ಬರುವ ತುಂಬೆ ಅಣೆಕಟ್ಟಿನ ನೀರು ಸರದಿಗೆ ಬಿದ್ದು ಟ್ಯಾಂಕರ್ ತರಿಸುವ ಫ್ಲ್ಯಾಟುಗಳಲ್ಲಿ ಕತೆ ಬೇರೆ. ಉಪ್ಪಿನಂಶದ ನೀರು ಬಂದರೆ ತಲೆ ಬಿಗಿದುಕೊಳ್ಳುತ್ತದೆ. ಕೊನೆಯ ಒಂದು ಚೆಂಬಿಗಾದರೂ ಕಾಯಿಸಿ ಆರಿಸಿದ ಕುಡಿಯುವ ನೀರು ಇಟ್ಟುಕೊಳ್ಳಿ ಎಂದು ನಾನು ಹೇಳುವುದು.

ಒರೆಸಲು ಟರ್ಕಿ ಟವೆಲ್ ಬೇಡ, ಅದರ ಎಳೆಗೆ ಹಕ್ಕಳೆ ಸಿಕ್ಕಿಕೊಳ್ಳುತ್ತದೆ. ಹಳೆಯ, ತೊಳೆದು ತೊಳೆದು ಮೆತ್ತಗಾದ ಬೈರಾಸು, ಅಂದರೆ ತೆಳು ಹತ್ತಿಯ ಟವೆಲ್, ಒಳ್ಳೆಯದು. ಅದರಲ್ಲೂ ಹಿಂದಲೆ, ಕಿವಿ, ಕುತ್ತಿಗೆ ಮಾತ್ರ. ಕಸಿಯ ಜಾಗ ಫ್ಯಾನಿನ ಕೆಳಗೆ ತನ್ನಷ್ಟಕ್ಕೆ ಆರಲಿ. ಮಳೆಗಾಲದಲ್ಲಿ ಬೈರಾಸೂ ದಿಂಬಿನ ಕವರೂ ಒಣಗುವುದೇ ಇಲ್ಲ, ಮುಗ್ಗಲು ವಾಸನೆ ಹಿಡಿಯುತ್ತವೆ. ಅವುಗಳನ್ನು ಇಸ್ತ್ರಿ ಹಾಕಿಯೇ ಬಳಸಿ. ನಾಲ್ಕು ಜೊತೆ ಮೊದಲೇ ತೆಗೆದಿಡುವುದು ಜಾಣತನ.

ಮೂರರಿಂದ ಆರನೇ ದಿನದ ತನಕ ದಿನಕ್ಕೊಮ್ಮೆ ಇಷ್ಟೇ. ಏಳನೇ ದಿನದಿಂದ ನೊರೆ ಇಟ್ಟ ಮೇಲೆ ಬೆರಳಿನ ಮೆತ್ತೆಯಿಂದ ಒತ್ತಿ ಬಿಡಬಹುದು, ಆದರೆ ಸರಿಸಬಾರದು. ಹತ್ತನೇ ದಿನದಿಂದ ಸುತ್ತು ತಿಕ್ಕು. ಈ ದಿನಗಳು ಯಾರೋ ಅಂದಾಜಿಗೆ ಹೇಳಿದ್ದಲ್ಲ. ಅಮೆರಿಕದ ಬರ್ನ್‌ಸ್ಟೀನ್ ಮತ್ತು ರಾಸ್‌ಮನ್ ಎಂಬ ವೈದ್ಯರು ಗ್ರಾಫ್ಟ್ ಎಷ್ಟು ದಿನಕ್ಕೆ ಕಚ್ಚಿಕೊಳ್ಳುತ್ತದೆ ಎಂದು ಎಳೆದು ನೋಡಿ 2006ರಲ್ಲಿ ಪ್ರಕಟಿಸಿದರು. ಬರೀ ಕೂದಲು ಹಿಡಿದು ಎಳೆದರೆ ಆರನೇ ದಿನಕ್ಕೆ ಗ್ರಾಫ್ಟ್ ಬರುವುದಿಲ್ಲ. ಅಂಟಿದ ಹಕ್ಕಳೆಯನ್ನು ಎಳೆದರೆ ಐದನೇ ದಿನದ ತನಕವೂ ಗ್ರಾಫ್ಟ್ ಕಿತ್ತೇ ಬಂತು. ಒಂಬತ್ತನೇ ದಿನಕ್ಕೆ ಆ ಅಪಾಯ ಕಳೆದಿತ್ತು. ಅಂದರೆ ಕೂದಲಿಗಿಂತ ಹಕ್ಕಳೆ ಎಳೆಯುವುದೇ ಹೆಚ್ಚು ಕೇಡು.

ಯಾಕೆ ಎಂದು ತಿಳಿಯಲು ಒಂದೇ ಒಂದು ಹಕ್ಕಳೆಯನ್ನು ಭೂತಗನ್ನಡಿ ಹಿಡಿದು ನೋಡಬೇಕು. ಸಾಸಿವೆ ಕಾಳಿನಷ್ಟು, ಕಡು ಕಂದು, ನಡುವೆ ಮೊಳಕೆಯ ಹಾಗೆ ಎರಡು ಮೂರು ಮಿ.ಮೀ. ಕೂದಲು. ಹಕ್ಕಳೆ ಚರ್ಮವನ್ನೂ ಹಿಡಿದಿದೆ, ಕೂದಲನ್ನೂ ಹಿಡಿದಿದೆ. ಕೂದಲಿನ ಕೆಳಗೆ ಗ್ರಾಫ್ಟ್. ಒಣಗಿದ್ದಾಗ ಉಗುರು ಹಾಕಿದರೆ ಇಡೀ ಸರಪಣಿ ಒಟ್ಟಿಗೆ ಏಳುತ್ತದೆ. ಅದೇ ಹಕ್ಕಳೆಯನ್ನು ಹತ್ತು ನಿಮಿಷ ನೊರೆಯಲ್ಲಿಟ್ಟು ನೋಡಿ. ಬಣ್ಣ ತಿಳಿಯಾಗುತ್ತದೆ, ನೆನೆದ ಅವಲಕ್ಕಿಯ ಹಾಗೆ ಊದಿ ಅಂಚು ಮೇಲೇಳುತ್ತದೆ, ಚರ್ಮದ ಹಿಡಿತ ಬಿಡುತ್ತದೆ. ಆಗ ಬೆರಳು ಮಾಡಬೇಕಾದದ್ದು ದೂಡುವುದು ಮಾತ್ರ.

ಹತ್ತನೇ ದಿನದ ಕೆಲಸ ಹೀಗೆ. ಮೊದಲು ಹತ್ತು ನಿಮಿಷ ಚೆಂಬಿನಿಂದ ಆಗಾಗ ನೀರು ಬಿಟ್ಟು ತಲೆಯನ್ನು ಒದ್ದೆ ಇಡಿ. ನಂತರ ಶಾಂಪೂವನ್ನು ನೀರು ಬೆರೆಸದೆ ನೊರೆ ಮಾಡಿ ದಪ್ಪಗೆ ಹಚ್ಚಿ, ಮತ್ತೆ ಹತ್ತು ನಿಮಿಷ. ಉಗುರು ಕತ್ತರಿಸಿರಬೇಕು. ಎರಡು ಬೆರಳ ಮೆತ್ತೆ ಇಟ್ಟು, ಒಂದು ಜಾಗದಲ್ಲಿ ಐದಾರು ಸಣ್ಣ ಸುತ್ತು, ಆಮೇಲೆ ಪಕ್ಕದ ಜಾಗ. ಮುಂದಲೆಯಿಂದ ಹಿಂದಕ್ಕೆ ಸಾಲು ಹಿಡಿದು ಹೋದರೆ ಜಾಗ ತಪ್ಪುವುದಿಲ್ಲ. ಒಟ್ಟು ಮೂರು ನಾಲ್ಕು ನಿಮಿಷ, ಹೆಚ್ಚು ಬೇಡ. ಉಳಿದದ್ದು ಸಂಜೆಗೆ, ಇಲ್ಲವೇ ನಾಳೆಗೆ. ಒಂದೇ ದಿನ ಮುಗಿಸುತ್ತೇನೆಂದು ಹೊರಟವರ ತಲೆ ಕೆಂಪಾಗಿ ಒಸರುತ್ತದೆ, ಒಸರಿದರೆ ಮತ್ತೆ ಹಕ್ಕಳೆ. ಹದಿನಾಲ್ಕನೇ ದಿನಕ್ಕೆ ನೆತ್ತಿ ಚೊಕ್ಕವಾಗಿ, ಸ್ವಲ್ಪ ಗುಲಾಬಿ ಬಣ್ಣದಲ್ಲಿ ಕಂಡರೆ ಲೆಕ್ಕ ಸರಿ.

ಹೆಚ್ಚಿನ ಕರೆ ಬರುವುದು ಆ ದಿನಗಳಲ್ಲೇ. "ಮಾರಾಯ್ರೆ, ಹಕ್ಕಳೆ ಒಟ್ಟಿಗೆ ಕೂದಲೇ ಬಂತು!" ಬರಬೇಕಾದದ್ದೇ. ಕಸಿಯ ಕೂದಲಿನ ಕಡ್ಡಿ ಎರಡನೇ ವಾರದಿಂದ ಆರೆಂಟು ವಾರದೊಳಗೆ ಬಹುಪಾಲು ಉದುರುತ್ತದೆ, ಬುಡ ಒಳಗೇ ಉಳಿಯುತ್ತದೆ. ಹೊಸ ಕೂದಲು ತಲೆ ಎತ್ತುವುದು ಮೂರು ನಾಲ್ಕು ತಿಂಗಳಿಗೆ, ಪೂರ್ತಿ ರೂಪ ಸುಮಾರು ಒಂದು ವರ್ಷಕ್ಕೆ. ಉದುರಿದ ಕೂದಲಿನ ಬುಡದ ತುದಿಯಲ್ಲಿ ಬಿಳಿ ಚುಕ್ಕಿ ಇದ್ದರೆ ಅದು ಗ್ರಾಫ್ಟ್ ಅಲ್ಲ. ನಿಜವಾಗಿ ಗ್ರಾಫ್ಟ್ ಹೋದರೆ ಕಾಣುವುದು ನಾಲ್ಕೈದು ಮಿ.ಮೀ.ಯ ಮಾಂಸದ ಎಳೆ, ಮತ್ತು ಆ ತೂತಿನಿಂದ ಹಸಿ ರಕ್ತ. ರಕ್ತ ಇಲ್ಲವೆಂದರೆ ಹೆದರಬೇಕಿಲ್ಲ. ಗ್ರಾಫ್ಟ್ ಹೋಗುವುದು ಹೆಚ್ಚಾಗಿ ಮೊದಲ ವಾರ, ಅದೂ ತೊಳೆಯುವಾಗ ಅಲ್ಲ, ತಲೆ ತಾಗಿಸಿಕೊಂಡಾಗ. ಕಾರಿನ ಬಾಗಿಲು, ಮಾಡು ತಗ್ಗಿರುವ ಹಂಚಿನ ಮನೆಯ ಜಗಲಿ. ಇನ್ನೊಂದು ಯಾರ ನೆನಪಿಗೂ ಬಾರದ್ದು, ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಂಡ ಕೈಯನ್ನು ನೆತ್ತಿಗೆ ಒರೆಸುವುದು. ಕೈ ತನ್ನಷ್ಟಕ್ಕೇ ಹೋಗುತ್ತದೆ, ಹಾಗಾಗಿ ಹೊರಡುವ ಮೊದಲೇ ನೆನಪಿಸುತ್ತೇನೆ.

ನನ್ನ ಕಣ್ಣಿಗೆ ಕಿತ್ತುಕೊಳ್ಳುವವರಿಗಿಂತ ಮುಟ್ಟದೇ ಇರುವವರದ್ದೇ ದೊಡ್ಡ ಸಮಸ್ಯೆ. ಇಷ್ಟು ದುಡ್ಡು ಕೊಟ್ಟದ್ದು ಹಾಳಾದೀತೆಂಬ ಹೆದರಿಕೆಗೆ ಇಪ್ಪತ್ತು ದಿನವಾದರೂ ಬೆರಳು ತಾಗಿಸುವುದಿಲ್ಲ. ಹಕ್ಕಳೆಯ ಕೆಳಗೆ ಜಿಡ್ಡೂ ಬೆವರೂ ಸೇರಿ, ಒಂದಕ್ಕೊಂದು ಅಂಟಿ ಚಿಪ್ಪಾಗುತ್ತದೆ, ವಾಸನೆ ಬರುತ್ತದೆ, ಬುಡದಲ್ಲಿ ಕೀವಿನ ಗುಳ್ಳೆ ಏಳುತ್ತದೆ. ಆ ಚಿಪ್ಪನ್ನು ತೆಗೆಯಲು ನಾವು ಸಲೈನಿನಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಇಪ್ಪತ್ತು ನಿಮಿಷ ಹಾಸಿ, ದಿನ ಬಿಟ್ಟು ದಿನ ಮೂರು ನಾಲ್ಕು ಸಲ ಕೂರಿಸಬೇಕಾಗುತ್ತದೆ.

ಮೂರನೇ ವಾರದ ಹುರುಪೆಗೆ ಹೆಚ್ಚು ಹೇಳುವುದಿಲ್ಲ. ಶಾಂಪೂ ದಿನಾ ಬೇಡ, ಎರಡು ದಿನಕ್ಕೊಮ್ಮೆ ಸಾಕು, ನೀರು ಚೆನ್ನಾಗಿ ಬಿಡಿ, ತುರಿಸಿದರೆ ಬೆರಳ ತುದಿಯಿಂದ ತಟ್ಟಿ. ಕೂದಲು ಬೆಳೆಯಲು ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಔಷಧ ಮತ್ತೆ ಶುರು ಮಾಡಿದ ಮೇಲೆ ಹುರುಪೆ ಜಾಸ್ತಿಯಾದರೆ ಮಾತ್ರ ಬಾಟಲಿ ತಿರುಗಿಸಿ ನೋಡಿ. ದ್ರಾವಣದ ರೂಪದ್ದರಲ್ಲಿ ಸಾಮಾನ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್ ಇರುತ್ತದೆ, ಅದು ಕೆಲವರ ಚರ್ಮವನ್ನು ಒಣಗಿಸಿ ಕೆರಳಿಸುತ್ತದೆ. ಡಾಕ್ಟರರನ್ನು ಕೇಳಿ ಫೋಮ್ ರೂಪಕ್ಕೆ ಬದಲಿಸಿದರೆ ಹೆಚ್ಚಿನವರಿಗೆ ನಿಲ್ಲುತ್ತದೆ. ತುರಿಕೆಗೆಂದು ಮೆಡಿಕಲ್‌ನಿಂದ ಚೀಟಿ ಇಲ್ಲದೆ ತಂದ ಸ್ಟೀರಾಯ್ಡ್ ಮುಲಾಮು ಹಚ್ಚುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಇನ್ನು ಹೊಟ್ಟು, ಮತ್ತು ಅದರ ಬೆನ್ನಿಗೇ ಬರುವ ತೆಂಗಿನೆಣ್ಣೆ. ಕರಾವಳಿಯಲ್ಲಿ ತಲೆ ಒಣಗಿದೆ ಅಂದರೆ ಸಾಕು, ಮನೆಯಲ್ಲಿ ಹಿರಿಯರು ಎಣ್ಣೆ ಬಾಟಲಿ ಹಿಡಿದು ನಿಂತಿರುತ್ತಾರೆ. ಎಣ್ಣೆ ಹಾಕಿದರೆ ಹೊಟ್ಟು ಮಲಗುತ್ತದೆ, ಹೋಗುವುದಿಲ್ಲ. ಹೊಟ್ಟಿನ ಹಿಂದಿರುವುದು ಮಲಸೇಜಿಯಾ ಎಂಬ ಶಿಲೀಂಧ್ರ. ಅದು ಎಲ್ಲರ ತಲೆಯಲ್ಲೂ ಇರುತ್ತದೆ, ಬದುಕುವುದು ಜಿಡ್ಡು ತಿಂದೇ. ತೆಂಗಿನೆಣ್ಣೆಯಲ್ಲಿ ಸುಮಾರು ಅರ್ಧ ಪಾಲು ಲಾರಿಕ್ ಆಮ್ಲ. ಅದು ಬೇರೆ ಕೆಲವು ಸೂಕ್ಷ್ಮಾಣುಗಳಿಗೆ ಆಗದಿದ್ದರೂ, ರಾತ್ರಿಯಿಡೀ ಎಣ್ಣೆ ಬಿಟ್ಟ ತಲೆಯಲ್ಲಿ ಬೆವರು, ಸೆಕೆ, ಜಿಡ್ಡು ಮೂರೂ ಸೇರಿ ಹೊಟ್ಟಿಗೆ ಹಬ್ಬ. ಔಷಧವೆಂದರೆ ಶೇ. 2ರ ಕೀಟೊಕೊನಾಜೋಲ್ ಶಾಂಪೂ, ವಾರಕ್ಕೆ ಎರಡು ಸಲ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದು, ನಾಲ್ಕು ವಾರ. ಆದರೆ ಹಕ್ಕಳೆ ಪೂರ್ತಿ ಹೋಗಿ ಚರ್ಮ ಕೂಡಿದ ಮೇಲೆ, ಸಾಮಾನ್ಯವಾಗಿ ಮೂರು ನಾಲ್ಕನೇ ವಾರಕ್ಕೆ, ಡಾಕ್ಟರು ನೋಡಿ ಹೂಂ ಅಂದ ಮೇಲೆ. ಸೀಗೆಪುಡಿಗೂ ದಾಸವಾಳದ ಎಲೆಯ ಲೋಳೆಗೂ ಇನ್ನೊಂದು ತಿಂಗಳು ರಜೆ. ಪುಡಿ ಗೀರುತ್ತದೆ, ಎಲೆಯ ಚೂರು ಬುಡದಲ್ಲಿ ಉಳಿಯುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಬೆವರು ಒಣಗಿ ಉಪ್ಪು ಉಳಿದರೆ ತುರಿಕೆ. ಮಧ್ಯಾಹ್ನ ಒಮ್ಮೆ ಬರೀ ನೀರು ಬಿಟ್ಟರೆ ಸಾಕು. ಹೆಲ್ಮೆಟ್ ಎರಡು ವಾರವಾದರೂ ಬೇಡ, ಅಂದರೆ ಸ್ಕೂಟರೇ ಬೇಡ. ಪಣಂಬೂರು, ಮಲ್ಪೆಯ ಸಮುದ್ರಸ್ನಾನಕ್ಕೂ ಈಜುಕೊಳಕ್ಕೂ ಒಂದು ತಿಂಗಳು.

ಎರಡನೇ ತಿಂಗಳಿನಿಂದ ಅಲ್ಲೊಂದು ಇಲ್ಲೊಂದು ಮೊಡವೆಯಂಥ ಗುಳ್ಳೆ ಬಂದರೆ ಹಿಸುಕಬೇಡಿ. ಬೆಚ್ಚಗಿನ ಒದ್ದೆ ಬಟ್ಟೆಯನ್ನು ದಿನಕ್ಕೆ ಎರಡು ಮೂರು ಸಲ ಹತ್ತು ನಿಮಿಷ ಇಡಿ. ಕೂದಲು ಹೊರಬರುವ ದಾರಿಯಲ್ಲೂ ಇವು ಏಳುತ್ತವೆ. ಫೋನು ಮಾಡದೆ ನೇರ ಬರಬೇಕಾದದ್ದು ಇವಕ್ಕೆ: ನಾಲ್ಕನೇ ದಿನ ದಾಟಿಯೂ ನೋವು ಏರುತ್ತಲೇ ಹೋಗುವುದು, ಕೀವು, ಜ್ವರ, ಕೆಟ್ಟ ವಾಸನೆ. ಮತ್ತೆ, ಕಸಿಯ ನಡುವೆ ನೇರಳೆಗೆ ತಿರುಗಿ ಕಪ್ಪಾಗುವ ತೇಪೆ. ಅದು ದೊಡ್ಡ ಹಕ್ಕಳೆ ಅಲ್ಲ, ರಕ್ತ ಸಿಗದೆ ಚರ್ಮ ಸಾಯುತ್ತಿರುವುದು, ಬೀಡಿ ಸಿಗರೇಟು ಬಿಡದವರಿಗೆ ಆ ಅಪಾಯ ಹೆಚ್ಚು. ಅದನ್ನು ನೆನೆಸಿ ತಿಕ್ಕಲು ಹೋಗಬೇಡಿ.

ದೀಪಾವಳಿಗೆ ಮೊದಲು ಕಸಿ ಮಾಡಿಸುವವರು ಎಣ್ಣೆ ಸ್ನಾನದ ಲೆಕ್ಕ ಕೇಳುತ್ತಾರೆ. ಹಬ್ಬಕ್ಕೆ ಒಂದು ತಿಂಗಳಿಗಿಂತ ಕಡಿಮೆ ಇದ್ದರೆ ಮೈಗೆ ಮಾತ್ರ ಎಣ್ಣೆ, ಶಾಸ್ತ್ರಕ್ಕೆ ತಲೆಯ ಬದಲು ಕಿವಿಯ ಹಿಂದೆ ಒಂದು ಹನಿ. ತಿಂಗಳು ದಾಟಿದ್ದು, ಹೊಟ್ಟೂ ಇಲ್ಲವೆಂದರೆ ಬೆರಳ ತುದಿಯಲ್ಲಿ ತೆಳ್ಳಗೆ ಸವರಿ, ಅರ್ಧ ಗಂಟೆಯೊಳಗೆ ಶಾಂಪೂ ಹಾಕಿ ತೊಳೆದುಬಿಡಿ, ತಟ್ಟಿ ತಿಕ್ಕುವ ಕೆಲಸವನ್ನು ಅಜ್ಜಿಗೆ ಕೊಡಬೇಡಿ.